ನೂರ ಇಪ್ಪತ್ತೇಳನೆಯ ಮನೆ

ತಲೆನೋವಿಗೆ ಒಬ್ಬರನ್ನು, ಹೊಟ್ಟೆಗೆ ಇನ್ನೊಬ್ಬರನ್ನು, ಮೈಕೈ ನೋವಿಗೆ ಮತ್ತೊಬ್ಬರನ್ನು ಕಂಡು, ಕೊನೆಗೆ ‘ಎಲ್ಲ ಮನಸ್ಸಿನದು’ ಎನ್ನಿಸಿಕೊಂಡು ಮರಳುತ್ತಿದ್ದವರ ಮಾತನ್ನು ಪೂರ್ತಿ ಕೇಳಿದ ವೈದ್ಯರು ನಮ್ಮ ಜಿಲ್ಲೆಯಲ್ಲಿ ವಿರಳ. ಮಣಿಪಾಲದಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ ಈ ಮಾರ್ಚ್‌ನಲ್ಲಿ ನಿವೃತ್ತರಾಗುತ್ತಿರುವ ಡಾ. ಅಪೊಲೋನಿಯಾ ಮಿನೇಜಸ್ ಆ ವಿರಳರಲ್ಲಿ ಒಬ್ಬರು.

1998ರಲ್ಲಿ ಅವರು ಕಾಪು ಮತ್ತು ಕಾರ್ಕಳದ 126 ಮನೆಗಳ ಸಮೀಕ್ಷೆ ಆರಂಭಿಸಿದರು. ಒತ್ತಡಕ್ಕೆ ಬೇಗ ಬಳಲುವ ಪ್ರಕೃತಿಗೂ ಒಬ್ಬರಲ್ಲೇ ಕೂಡಿಬರುವ ಈ ದೀರ್ಘಕಾಲದ ಕಾಯಿಲೆಗಳಿಗೂ ಒಂದೇ ಆನುವಂಶಿಕ ಬೇರು ಇದೆಯೇ ಎಂಬುದು ಅವರ ಪ್ರಶ್ನೆ. 2002ರ ಜೂನ್‌ನಲ್ಲಿ ವಿಚಾರಸಂಕಿರಣವೊಂದರಲ್ಲಿ, ಈ ತೊಂದರೆಗಳು ತಾಯಿಯ ಕಡೆಯಿಂದ ಬರುವಂತೆ ಕಾಣುತ್ತದೆ ಎಂದರು. ಉಡುಪಿಯಲ್ಲಿ ವರದಿಗಾರನಾಗಿದ್ದ ನಾನು ಅದನ್ನು ವರದಿ ಮಾಡಿದೆ. ‘ಕಾಣುತ್ತದೆ’ ಎಂಬುದು ಶೀರ್ಷಿಕೆಯಲ್ಲಿ ಉಳಿಯಲಿಲ್ಲ.

ಎರಡು ವಾರದ ಬಳಿಕ ಕಾಪುವಿನ ಅಪ್ಪಿ ಪೂಜಾರ್ತಿ ಆ ಪತ್ರಿಕೆಯನ್ನು ಮಡಚಿ ಹಿಡಿದು ಮೇಡಂ ಕೊಠಡಿಗೆ ಬಂದರು. ನಾನೂ ಅಲ್ಲಿದ್ದೆ. ಅಪ್ಪಿಯವರ ಮಗಳು ಸವಿತಾಳಿಗೆ ಕಾರ್ಕಳದಿಂದ ಬಂದಿದ್ದ ಸಂಬಂಧ ಆ ವರದಿಯಿಂದ ನಿಂತುಹೋಗಿತ್ತು.

“ನೋವು ನನ್ನದು, ಸರಿ. ಮಗಳಿಗೂ ನಾನೇ ಕೊಟ್ಟದ್ದು ಅಂತ ಪೇಪರಿನಲ್ಲಿ ಬಂದದ್ದುಂಟಲ್ಲ ಡಾಕ್ಟ್ರಮ್ಮ, ಅದಕ್ಕೆ ಎಂತ ಮದ್ದು?”

“ನಿಮ್ಮ ಅಪ್ಪನ ಕಡೆ ಯಾರಿಗೂ ಇಲ್ವಾ ಅಪ್ಪಿಯಕ್ಕ?”

“ಅಪ್ಪನ ತಂಗಿಗೆ ಉಂಟು, ನನಗಿಂತ ಜೋರು. ಆದರೆ ಅವರು ಬೇರೆ ಕುಟುಂಬ ಅಲ್ವಾ? ಅವರ ಮನೆಯ ಕಾಯಿಲೆ ನಾವು ಹೇಳಿದರೆ ಆಗ್ತದಾ?”

ಮೇಡಂ ಪೆನ್ನು ಕೆಳಗಿಟ್ಟರು. ತಾಯಿಯ ಕಡೆಯಿಂದಲೇ ಕುಟುಂಬವನ್ನು ಎಣಿಸುವ ಈ ಮನೆಗಳವರು, ತಂದೆಯ ಕಡೆಯ ಕಾಯಿಲೆ ಹೇಳುವುದು ಮರ್ಯಾದೆಯಲ್ಲವೆಂದು ಬಿಟ್ಟಿದ್ದರು. ನಾಲ್ಕು ವರ್ಷದಲ್ಲಿ ಬರೆದುಕೊಂಡದ್ದು ಅರ್ಧ ಮಾತ್ರ.

ಬಡ್ತಿಗೆ ಬೇಕಿದ್ದ, ಪ್ರಕಟಣೆಗೆ ಒಪ್ಪಿಗೆಯಾಗಿದ್ದ ಪ್ರಬಂಧವನ್ನು ಅವರು ಅದೇ ವಾರ ಹಿಂತೆಗೆದುಕೊಂಡರು. ಬಡ್ತಿ ಬಂದದ್ದು ಐದು ವರ್ಷದ ನಂತರ. ಪ್ರಬಂಧ ಹಿಂತೆಗೆದ ದಿನವೇ ನನಗೆ ಫೋನ್ ಮಾಡಿ, “ಬರೆದವರು ನೀವು, ಹೇಳಿದವಳು ನಾನು. ಇಬ್ಬರೂ ಕಾರ್ಕಳಕ್ಕೆ ಹೋಗುವ ಮಾರಾಯ್ರೆ” ಎಂದರು.

ವರನ ತಾಯಿ ಚಾ ಕೊಟ್ಟರು, ಮಾತು ಕೊಡಲಿಲ್ಲ. ತಪ್ಪು ತನ್ನದೆಂದು ಮೇಡಂ ಮೂರು ಬಾರಿ ಹೇಳಿದರು. ನಾವು ಹೊರಟಾಗ ಆ ತಾಯಿ ಮೆಟ್ಟಿಲಿನವರೆಗೆ ಬಂದು, ಒಳಗೆ ಕೇಳಿಸದ ಹಾಗೆ ಹೇಳಿದರು:

“ತಲೆನೋವು, ನಿದ್ರೆ ಇಲ್ಲದ್ದು ನನಗೂ ಉಂಟು. ನನ್ನ ಅಮ್ಮನಿಗೂ ಇತ್ತು, ಅಪ್ಪನಿಗೂ ಇತ್ತು. ನಾನು ಯಾರಿಗೂ ಹೇಳಲಿಲ್ಲ. ನನ್ನದೂ ಬರೀತೀರಾ?”

ಮೇಡಂ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಬರೆದುಕೊಂಡರು. ಡಿಸೆಂಬರಿನಲ್ಲಿ ಸವಿತಾಳ ಮದುವೆ ಆ ಮನೆಯ ಹುಡುಗನೊಂದಿಗೇ ನಡೆಯಿತು.

ಮುಂದಿನ ನಾಲ್ಕು ವರ್ಷ ಅವರು ಭಾನುವಾರಗಳಂದು ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ನೇರ ಬಸ್ ನಿಲ್ದಾಣಕ್ಕೆ ಹೋಗಿ, ತಂದೆಯ ಕಡೆಯವರನ್ನೂ ಅವರವರ ಮನೆಯಲ್ಲೇ ಕಂಡು ಕೇಳಿದರು. 2006ರ ವರದಿ ಹೇಳುವುದಿಷ್ಟು: ಈ ತೊಂದರೆಗಳಿಗೆ ಬೇಗ ಈಡಾಗುವ ಒಲವು ಎರಡೂ ಕಡೆಯಿಂದ ಬರಬಹುದು, ಒಲವೇ ಕಾಯಿಲೆಯಲ್ಲ. ಯಾವ ಜೀನ್ ಎಂದು ಅವರಿಂದ ಹೇಳಿಸಲು ನಾನು ಪಟ್ಟ ಪ್ರಯತ್ನಗಳೆಲ್ಲ ವಿಫಲವಾದವು. “ಗೊತ್ತಿಲ್ಲ ಅಂತಲೇ ಬರೆಯಿರಿ, ಶೀರ್ಷಿಕೆಯಲ್ಲಿಯೂ” ಎಂದರು.

ಹಾಗೆಯೇ ಬರೆದೆ. ಆ ವರದಿಯಲ್ಲಿ ಮನೆಗಳ ಸಂಖ್ಯೆ 127 ಎಂದಿರುವುದು ಅಚ್ಚಿನ ತಪ್ಪಲ್ಲ. ನೂರ ಇಪ್ಪತ್ತೆಂಟನೆಯ ಮನೆಯ ಮೆಟ್ಟಿಲನ್ನೂ ಹತ್ತುವ ಆಯುಷ್ಯ, ಆರೋಗ್ಯ ಮೇಡಂ ಅವರಿಗೆ ದೊರೆಯಲಿ. ಅಲ್ಲಿಯೂ ಯಾರೋ ಹೇಳದೆ ಕಾದಿದ್ದಾರು.