ಜೈಂಟ್ ವೀಲೂ ನಮ್ಮ ಯಜಮಾನರ ಕೋಪವೂ

ನಮ್ಮ ಮನೆಯಲ್ಲಿ ಹಾಗಲಕಾಯಿ ಗೊಜ್ಜು ಮಾಡುವುದಿಲ್ಲ. ಏಕೆಂದು ಯಾರಾದರೂ ಕೇಳಿದರೆ ‘ನಮ್ಮನೆಯವರಿಗೆ ಆಗೋಲ್ಲ’ ಎಂದು ಥಟ್ಟನೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ ನಮ್ಮನೆಯವರಿಗೆ ಹಾಗಲಕಾಯಿ ಎಂದರೆ ಪಂಚಪ್ರಾಣ, ಆಗದವಳು ನಾನು. ಆದರೆ ಶಂಕರಪುರದ ನಮ್ಮ ರಸ್ತೆಯಲ್ಲಿ ಗೃಹಿಣಿಯೊಬ್ಬಳು ‘ನನಗೆ ಬೇಡ’ ಎಂದರೆ ಅದು ಸೊಕ್ಕು, ‘ಅವರಿಗೆ ಬೇಡ’ ಎಂದರೆ ಸದ್ಗುಣ. ಇಷ್ಟು ಸುಲಭವಾಗಿ ಸಿಗುವ ಸದ್ಗುಣವನ್ನು ಯಾರು ತಾನೇ ಬೇಡವೆನ್ನುತ್ತಾರೆ, ನೀವೇ ಹೇಳಿ.

ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ನಾನು ಈ ಒಂದು ವಾಕ್ಯದ ಬಲದಿಂದ ಭಜನಾ ಮಂಡಳಿಯ ತಿರುಪತಿ ಕಾಲ್ನಡಿಗೆಯನ್ನು ತಪ್ಪಿಸಿಕೊಂಡಿದ್ದೇನೆ, ಬೆಳಗಿನ ಐದು ಗಂಟೆಯ ಯೋಗ ತರಗತಿಯಿಂದ ಪಾರಾಗಿದ್ದೇನೆ, ಎದುರುಮನೆಯವರು ಊಟಿಗೆ ಹೊರಟ ಬಸ್ಸಿನ ಕಿಟಕಿಯ ಪಕ್ಕದ ಸೀಟನ್ನು ಕೂಡ ಮುಖ ಸಣ್ಣಗೆ ಮಾಡಿಕೊಂಡು, ಒಂದು ನಿಟ್ಟುಸಿರಿನೊಡನೆ ತ್ಯಾಗ ಮಾಡಿದ್ದೇನೆ. ನಿಟ್ಟುಸಿರು ಬಹಳ ಮುಖ್ಯ. ಅದನ್ನು ಬಿಟ್ಟ ಮೇಲೆ ಯಾರೂ ಮತ್ತೆ ಒತ್ತಾಯಿಸುವುದಿಲ್ಲ. ಹೀಗೆ ನಾನು ದಿನಕ್ಕಿಷ್ಟು ವರ್ಷಕ್ಕಿಷ್ಟು ಎಂದು ಕೂಡಿಸಿ ಕಟ್ಟಿದ ಕೋಪಿಷ್ಠ ಗಂಡನೊಬ್ಬ ಬಸವನಗುಡಿಯವರೆಗೂ ಹೆಸರುವಾಸಿಯಾಗಿದ್ದಾನೆ. ಅಸಲಿ ಗಂಡನೋ, ಗೇಟಿನ ಮುಂದೆ ಮಲಗಿದ ಬೀದಿನಾಯಿಯನ್ನು ‘ಸ್ವಲ್ಪ ಸರೀತೀರಾ’ ಎಂದು ಬಹುವಚನದಲ್ಲಿ ಕೇಳುವ ಮನುಷ್ಯ. ಸರ್ಕಾರಿ ಕಚೇರಿಯಲ್ಲಿ ಊರಿನ ನಕ್ಷೆ ಬರೆಯುತ್ತಾ, ಪೆನ್ಸಿಲಿನ ಮೇಲೆ ಕೂಡ ಜೋರು ಮಾಡದೆ ನಿವೃತ್ತರಾದವರು.

ಅವರು ಹಾಲು ತರಲು ಹೊರಟರೆ ರಸ್ತೆಯ ಹೆಂಗಸರು ಮಾತು ನಿಲ್ಲಿಸಿ ಸೆರಗು ಸರಿಮಾಡಿಕೊಳ್ಳುತ್ತಾರೆ. ‘ನಮ್ಮ ರಸ್ತೇಲಿ ಜನ ಎಷ್ಟು ಮರ್ಯಾದೆ ಕೊಡ್ತಾರೆ ನೋಡು’ ಎಂದು ಅವರು ಒಮ್ಮೆ ಸಂತೋಷಪಟ್ಟಾಗ ನಾನು ಕಾಫಿಗೆ ಎರಡನೆಯ ಸಲ ಸಕ್ಕರೆ ಹಾಕಿಬಿಟ್ಟೆ. ಅದನ್ನೂ ಅವರು ಮಾತಾಡದೆ ಕುಡಿದರು.

ಮೊನ್ನೆ ಚಾಮರಾಜಪೇಟೆಯ ಮೈದಾನವೊಂದರಲ್ಲಿ ಎಕ್ಸಿಬಿಷನ್ ಬಂತು. ನಮ್ಮ ಬೆಳಗಿನ ವಾಕಿಂಗ್ ಗುಂಪಿನ ನಾಯಕಿ ಜಯಮ್ಮ, ಸಂಜೆ ಎಲ್ಲರೂ ಹೋಗಿ ಜೈಂಟ್ ವೀಲ್ ಹತ್ತತಕ್ಕದ್ದು ಎಂದು ಅಪ್ಪಣೆ ಕೊಡಿಸಿದರು. ಜಯಮ್ಮನವರದು ಬೇಸಾಯದ ಮನೆತನ, ಈಗ ಬಾಡಿಗೆ ಕಟ್ಟಡಗಳ ಒಡೆತನ. ಅವರ ದನಿಗೆ ಪಾರ್ಕಿನ ಪಾರಿವಾಳಗಳು ಎದ್ದು ಹಾರುತ್ತವೆ. ನಮ್ಮ ಯಜಮಾನರು ತಾವೂ ಬರುತ್ತೇನೆಂದರು. ಮೈದಾನದಲ್ಲಿ ಸಿಗುವ ಮೊರದಗಲದ ಹಪ್ಪಳದ ಆಸೆಗಿರಬೇಕೆಂದು ನಾನು ಸುಮ್ಮನಾದೆ.

ನನ್ನ ಧೈರ್ಯದ ವಿಷಯ ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಟ್ಟದಿಂದ ಉಪ್ಪಿನಕಾಯಿ ಜಾಡಿ ಇಳಿಸಬೇಕಾದರೆ ಏಣಿಯ ಎರಡನೆಯ ಮೆಟ್ಟಿಲಿನವರೆಗೆ ನಾನು ವೀರವನಿತೆ, ಮೂರನೆಯದರಲ್ಲಿ ಕಣ್ಣು ಕತ್ತಲೆ. ಅಂಥವಳು ಆ ಚಕ್ರದ ಬುಡದಲ್ಲಿ ನಿಂತು ಕತ್ತೆತ್ತಿದೆ. ಮೇಲೆ, ಬಹಳ ಮೇಲೆ, ತೊಟ್ಟಿಲೊಂದು ಕಿರ್ ಎಂದು ಓಲಾಡುತ್ತಿತ್ತು. ಅದರಲ್ಲಿದ್ದವರು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಬಾಯಿ ತನ್ನ ಹಳೆಯ ಅಭ್ಯಾಸದಂತೆ ‘ನೀವೆಲ್ಲಾ ಹೋಗ್ಬನ್ನಿ, ನಮ್ಮನೆಯವರು ಬೇಡ ಅಂತಾರೆ’ ಎಂದುಬಿಟ್ಟಿತು, ನಿಟ್ಟುಸಿರಿನ ಸಮೇತ. ನಮ್ಮನೆಯವರು ಎರಡೇ ಅಡಿ ಹಿಂದೆ ಹಪ್ಪಳ ಹಿಡಿದು ನಿಂತಿರುವುದು ನನಗೆ ಮರೆತೇ ಹೋಗಿತ್ತು.

ಜಯಮ್ಮ ಗಿರಕ್ಕನೆ ತಿರುಗಿದರು. “ಏನ್ ಸಾರ್ ನೀವು? ಕಾಲ್ನಡಿಗೆಗೆ ಬೇಡ, ಯೋಗಕ್ಕೆ ಬೇಡ, ಊಟಿಗೂ ಕಳಿಸ್ಲಿಲ್ಲ. ಈಗ ಇದಕ್ಕೂ ಬೇಡ್ವಾ? ರತ್ನಮ್ಮ ಏನು ಮನುಷ್ಯರಲ್ವಾ? ಇವತ್ತು ನಾನ್ ಕೇಳೇ ಕೇಳ್ತೀನಿ.”

ತಮ್ಮ ಮೂವತ್ತನಾಲ್ಕು ವರ್ಷಗಳ ಅಪರಾಧಗಳ ಪಟ್ಟಿಯನ್ನು ಯಜಮಾನರು ಅಂದೇ ಮೊದಲ ಸಲ ಕೇಳಿದ್ದು. ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಒಂದೇ ಮಾತಿನಲ್ಲಿ ನನ್ನ ಬಣ್ಣ ಬಯಲಾಗುತ್ತಿತ್ತು. ಆ ಮಾತು ಈಗ ಬಂತು, ಆಗ ಬಂತು ಎಂದು ಕಾದೆ. ನಾನು ಸೆರಗಿನ ತುದಿಯನ್ನು ಹಿಂಡುತ್ತಿರುವುದನ್ನು ಅವರು ಕಂಡರು, ಒಮ್ಮೆ ಚಕ್ರದ ತುದಿಯನ್ನು ನೋಡಿದರು, ಆಮೇಲೆ ಹುಬ್ಬು ಗಂಟಿಕ್ಕಲು ಪ್ರಯತ್ನಪಟ್ಟು, ನಾನೆಂದೂ ಕೇಳದ ದನಿಯಲ್ಲಿ, “ಬೇಡ ಅಂದ್ಮೇಲೆ ಬೇಡ ಕಣ್ರೀ. ನಮ್ಮನೇಲಿ ನಾನ್ ಹೇಳಿದ್ದೇ ಆಗ್ಬೇಕು” ಎಂದರು. ಕೈಯ ಹಪ್ಪಳ ಪುಡಿಯಾಗಿ ಅವರ ಚಪ್ಪಲಿಯ ಮೇಲೆ ಬಿತ್ತು.

ನನಗೆ ಅಳು ಬಂತು. ನನ್ನ ಒಂದು ಹೆದರಿಕೆಯನ್ನು ಮುಚ್ಚಿಡಲು ಈ ಸಾಧು ಮನುಷ್ಯ ಐದು ಜನ ಹೆಂಗಸರೆದುರು ತಾವೇ ಕೆಟ್ಟವರಾಗಿ ನಿಂತಿದ್ದಾರೆ. ಇಷ್ಟು ದಿನ ನಾನು ಬೆನ್ನ ಹಿಂದೆ ಅವರ ಮೇಲೆ ಹೊರಿಸಿದ್ದನ್ನು ಈಗ ತಾವಾಗಿಯೇ ತಲೆಯ ಮೇಲೆ ಹೊತ್ತಿದ್ದಾರೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. “ಇಲ್ಲ ಜಯಮ್ಮ, ಎಲ್ಲಾ ಸುಳ್ಳು. ನನಗೇ ಭಯ. ಇವ್ರು ಯಾವತ್ತೂ ಯಾವುದಕ್ಕೂ ಬೇಡ ಅಂದೋರಲ್ಲ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಜಯಮ್ಮ ನನ್ನ ಬೆನ್ನು ಸವರಿದರು. “ಬಿಡಿ ರತ್ನಮ್ಮ, ನಮಗೆ ಅರ್ಥ ಆಗಲ್ವಾ? ಅವ್ರ ಎದುರಿಗೆ ನೀವು ಇನ್ನೇನ್ ತಾನೇ ಹೇಳಕ್ಕಾಗತ್ತೆ?” ಉಳಿದವರು ಲೊಚಗುಟ್ಟಿದರು.

ನೋಡಿದಿರಾ ನನ್ನ ಕಸಬುಗಾರಿಕೆಯನ್ನು! ಸುಳ್ಳನ್ನು ಎಷ್ಟು ಭದ್ರವಾಗಿ ಕಟ್ಟಿದ್ದೆನೆಂದರೆ ನಿಜ ಒಳಗೆ ಬರಲು ಒಂದು ಕಿಂಡಿಯನ್ನೂ ಬಿಟ್ಟಿರಲಿಲ್ಲ. ಇನ್ನು ಬಾಯಿಂದ ಪ್ರಯೋಜನವಿಲ್ಲ, ಕಾಲಿನಿಂದಲೇ ಆಗಬೇಕು ಎಂದುಕೊಂಡು ಕೌಂಟರಿಗೆ ಹೋಗಿ ಎರಡು ಟಿಕೆಟ್ ತಂದೆ.

ತೊಟ್ಟಿಲು ನೆಲ ಬಿಡುತ್ತಲೇ ಕಣ್ಣು ಮುಚ್ಚಿ ಯಜಮಾನರ ತೋಳನ್ನು ಗಟ್ಟಿಯಾಗಿ ಹಿಡಿದೆ. ನನಗೆ ಗೊತ್ತಿದ್ದ ದೇವರುಗಳೆಲ್ಲ ಮೊದಲ ಸುತ್ತಿಗೇ ಮುಗಿದರು. ಎರಡನೆಯ ಸುತ್ತಿನಲ್ಲಿ ಅವರ ದನಿ ಕೇಳಿಸತೊಡಗಿತು: “ಅಗೋ ಲಾಲ್‌ಬಾಗಿನ ಬಂಡೆ. ಇತ್ತ ಮೆಟ್ರೋ ಹೋಗ್ತಿದೆ. ಈ ಅಡ್ಡರಸ್ತೆ ಕೊನೇಲಿ ಸೊಟ್ಟಗಿದೆ ಅಂತ ನಾನು ಆಗ್ಲೇ ಬರ್ದಿದ್ದೆ, ಸಾಹೇಬ್ರು ನೆಟ್ಟಗೆ ಮಾಡು ಅಂದ್ರು. ನೋಡು, ಸೊಟ್ಟಗೇ ಇದೆ!” ಆಮೇಲೆ, “ಅಷ್ಟು ವರ್ಷ ಮೇಲಿಂದ ನೋಡಿದ ಹಾಗೆ ಬರ್ದೆ. ಮೇಲಿಂದ ನೋಡಿದ್ದು ಇವತ್ತೇ” ಎಂದರು.

“ಮತ್ತೆ ಯಾಕ್ರೀ ಇಷ್ಟ್ ದಿನ ಹತ್ತಲಿಲ್ಲ?” ಎಂದೆ, ಕಣ್ಣು ಮುಚ್ಚಿಕೊಂಡೇ.

“ಮದುವೆಯಾದ ವರ್ಷ ಬಂದಿದ್ವಲ್ಲ. ಚಕ್ರ ನೋಡಿದ್ದೇ ನೀನು ನಡುಗ್ತಿದ್ದೆ. ನಿನ್ನೊಬ್ಳನ್ನೇ ಕೆಳಗೆ ಬಿಟ್ಟು ಹೆಂಗ್ ಹತ್ತೋದು ಅಂತ ಸುಮ್ನಾದೆ. ಆಮೇಲೂ ಹಾಗೇ ಸುಮ್ನಿದ್ದೆ.”

ಆಗ ಕಣ್ಣು ಬಿಟ್ಟೆ. ಬೆಂಗಳೂರು ಹೇಗಿತ್ತೆಂದು ನನ್ನನ್ನು ಕೇಳಬೇಡಿ, ನಾನು ನೋಡಲಿಲ್ಲ. ಅವರ ಮುಖವನ್ನೇ ನೋಡುತ್ತಿದ್ದೆ. ಅಷ್ಟೊಂದು ಸಂತೋಷ ಆ ಮುಖದಲ್ಲಿ ಹಿಡಿಸುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯಲ್ಲಿ ಇಷ್ಟು ವರ್ಷ ಒಬ್ಬರು ಇನ್ನೊಬ್ಬರನ್ನು ತಡೆದು ಕೂರಿಸಿದ್ದು ನಿಜವೇ. ಊರಿನವರಿಗೆ ಹೆಸರು ಮಾತ್ರ ಅದಲು ಬದಲಾಗಿತ್ತು.

ಕೆಳಗೆ ಬಂದಾಗ ಜಯಮ್ಮ ನೀರಿನ ಬಾಟಲಿ ಹಿಡಿದು, ಮುಖದ ತುಂಬ ಕನಿಕರ ತುಂಬಿಕೊಂಡು ಕಾದಿದ್ದರು. ಯಜಮಾನರು ಇಳಿದವರೇ ಮತ್ತೆ ಕತ್ತೆತ್ತಿ ಚಕ್ರವನ್ನು ನೋಡಿದರು. ಒಂದು ಹೆಜ್ಜೆ ಅತ್ತ ಇಟ್ಟರು, ಇತ್ತ ಬಂದರು. ಕೊನೆಗೆ ನನ್ನ ಪಕ್ಕ ನಿಂತು, ಸುತ್ತ ಜನ ಇದ್ದಾರೆಂಬುದನ್ನು ಮರೆತು, ಅಂಗಿಯ ಗುಂಡಿ ತಿರುಗಿಸುತ್ತಾ ಕೇಳಿದರು: “ಇನ್ನೊಂದ್ ಸಲ ಹೋಗ್ಬರ್ಲಾ? ನೀನು ಬರೋದ್ ಬೇಡ, ನಾನೊಬ್ನೇ. ಬೇಗ ಬಂದ್ಬಿಡ್ತೀನಿ.”

ಐದು ಜೊತೆ ಕಣ್ಣುಗಳು ಅವರನ್ನು ನೋಡಿದವು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದವು.

“ಹೋಗ್ಬನ್ನಿ” ಎಂದೆ. ಅವರು ಕೌಂಟರಿನತ್ತ ಓಡಿದರು. ಜಯಮ್ಮ ಮುಚ್ಚಳ ತೆಗೆದು, ನನಗೆಂದು ತಂದ ನೀರನ್ನು ತಾವೇ ಕುಡಿದರು.