ತೊಟ್ಟಿಗೆ ಬಂದ ಮೀನು

ನಾನು ಸೊಸೆಯಾಗಿ ಕಲಾದಗಿಗೆ ಬಂದಾಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮನೆಯಲ್ಲಿ ನಾವು ಮೂವರೇ: ಅತ್ತೆ, ನನ್ನ ಗಂಡ, ನಾನು. ಲಿಂಗಪೂಜೆ ಮುಗಿಯದೆ ಯಾರೂ ತುತ್ತು ಎತ್ತುವಂತಿರಲಿಲ್ಲ. ಇಂಥ ಮನೆಯ ಮಗನಿಗೆ ಗಾಳ ಹಾಕುವ ಚಟ ಎಲ್ಲಿಂದ ಅಂಟಿತೋ ದೇವರೇ ಬಲ್ಲ. ರವಿವಾರ ಬಂದರೆ ಸಾಕು, ಬಿದಿರಿನ ಕೋಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಘಟಪ್ರಭೆಯ ದಂಡೆಗೆ ಹೊರಡುತ್ತಿದ್ದರು. ತಿನ್ನುವ ಮಾತೇ ಇಲ್ಲ. ಹಿಡಿದದ್ದನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಅದನ್ನೇ ದೊಡ್ಡ ಧರ್ಮವೆಂಬಂತೆ ಹೇಳಿಕೊಳ್ಳುತ್ತಿದ್ದರು.

“ನಾ ಏನ್ ಕೊಲ್ಲತೇನೇನು ಯವ್ವಾ? ಹಿಡಿತೇನಿ, ಬಿಡತೇನಿ.”

“ತಿನ್ನಾವ್ರಿಗೆ ಹೊಟ್ಟಿ ಅನ್ನೂ ನೆವ ಐತಿ. ನಿನಗೇನೈತೋ? ಬಿಡೂದಿದ್ರ ಹಿಡಿಯೂದ್ಯಾಕ?” ಎನ್ನುತ್ತಿದ್ದರು ಅತ್ತೆ.

ಗಂಡ ನಕ್ಕು ಹೋಗಿಬಿಡುತ್ತಿದ್ದರು. ರಜೆಯ ದಿನ ಅವರು ಕಾಲಿಗೆ ಅಡ್ಡ ಬರದಿದ್ದರೆ ನನಗೂ ಕೆಲಸ ಬೇಗ ಸಾಗುತ್ತಿತ್ತು.

ಒಂದು ರವಿವಾರ ಮಾತ್ರ ಬಿಟ್ಟು ಬರಲಿಲ್ಲ. ಬಕೆಟ್ಟಿನಲ್ಲಿ ನೀರು ತುಂಬಿ ಮೀನನ್ನು ಮನೆಗೇ ತಂದರು. ಗಾಳ ಆಳಕ್ಕೆ ನಾಟಿ, ಬಿಡಿಸುವಾಗ ಅದರ ಬಾಯಿ ಹರಿದಿತ್ತು. ಹೊಳೆಗೆ ಬಿಟ್ಟರೆ ಮಗ್ಗುಲಾಗಿ ತೇಲಿತಂತೆ, ಕೊಕ್ಕರೆಗಳು ಕಾಯುತ್ತಿದ್ದವಂತೆ. ನೇರ ಹಿತ್ತಲಿಗೆ ಹೋಗಿ ಕಲ್ಲಿನ ತೊಟ್ಟಿಗೆ ಬಿಟ್ಟರು. ಮುಂಜಾನೆಯಷ್ಟೇ ನಾನು ಕೊಡ ಕೊಡ ಹೊತ್ತು ತುಂಬಿಸಿದ ನೀರು, ಪೂಜೆಗೂ ಅಡುಗೆಗೂ ಅದೇ! ನನ್ನ ಪಿತ್ತ ನೆತ್ತಿಗೇರಿತು.

ಅತ್ತೆ ಬಂದರು. ಬೈಯುತ್ತಾರೆಂದು ಕಾದೆ. ಅವರು ಬಗ್ಗಿ ಆ ಹರಿದ ಬಾಯನ್ನು ನೋಡಿದರು.

“ಇದು ಉಣ್ಣೂತನಕ ನಾನೂ ಉಣ್ಣಂಗಿಲ್ಲ.”

ಅತ್ತೆ ಒಮ್ಮೆ ಆಡಿದರೆ ಮುಗಿಯಿತು. ರೊಟ್ಟಿ ಪುಡಿ ಮಾಡಿ ಹಾಕಿದೆವು, ಚುರುಮುರಿ ಹಾಕಿದೆವು. ಮೀನು ಮೂಲೆ ಬಿಟ್ಟು ಕದಲಲಿಲ್ಲ. ಮರುದಿನವೂ ಅದೇ ಕತೆ. ಅತ್ತೆ ಪೂಜೆ ಮುಗಿಸಿ, ಬರೀ ನೀರು ಕುಡಿದು ಗೋಡೆಗೊರಗಿ ಕೂತರು. ಎದ್ದರೆ ಕಣ್ಣಿಗೆ ಕತ್ತಲೆ. ವಯಸ್ಸಾದ ಜೀವ, ಏನಾದರೂ ಆದರೆ ಏನು ಗತಿ? ಗಂಡನ ಮುಖ ನೋಡಿದರೆ ಸಿಟ್ಟು ಬರುತ್ತಿತ್ತು, ಮರುಗಳಿಗೆ ಪಾಪ ಅನ್ನಿಸುತ್ತಿತ್ತು. ಅವರೂ ತಟ್ಟೆಯ ಮುಂದೆ ಕೂತು ಹಾಗೇ ಎದ್ದುಬಿಡುತ್ತಿದ್ದರು.

ಮತ್ತೆ ಬೆಳಗಾದಾಗ ಮೀನು ತೊಟ್ಟಿಯ ತುಂಬ ಈಜಾಡುತ್ತಿತ್ತು. ಆದರೆ ರೊಟ್ಟಿಯನ್ನು ಮೂಸಿಯೂ ನೋಡಲಿಲ್ಲ.

“ಅತ್ತೀ, ಕಲ್ಲಿನ್ಯಾಗ ಕೂಡಿ ಹಾಕಿದ್ರ ಅದು ಹ್ಯಾಂಗ ಉಂಡೀತ್ರಿ? ಹೊಳಿಗೆ ಬಿಡೂಣ್ರಿ,” ಎಂದೆ.

ಗಂಡ ಗಾಬರಿಯಾದರು. “ಬಿಟ್ಟಮ್ಯಾಲೆ ಅದು ಉಂಡದ್ದು ಯವ್ವಗ ಹ್ಯಾಂಗ ತಿಳಿಬೇಕು? ಉಪಾಸ ಹ್ಯಾಂಗ ಮುರಿಬೇಕು?”

ಅದೂ ನಿಜವೇ. ಇಟ್ಟುಕೊಂಡರೆ ಉಣ್ಣುವುದಿಲ್ಲ, ಬಿಟ್ಟರೆ ಉಂಡದ್ದು ಕಾಣುವುದಿಲ್ಲ. ಅತ್ತೆಯೇ ಗೋಡೆ ಹಿಡಿದು ಎದ್ದರು.

“ನನ್ನ ಹೊಟ್ಟಿ ಸಲುವಾಗಿ ಅದನ್ನ ಇಟಗೋಬ್ಯಾಡ್ರಿ. ನಡೀರಿ.”

ಗಂಡ ಬಕೆಟ್ ಹಿಡಿದರು, ನಾನು ಅತ್ತೆಯ ಕೈ ಹಿಡಿದೆ. ಗಾಳದ ಕೋಲು ಹಿತ್ತಲಲ್ಲೇ ಉಳಿಯಿತು. ಮುಂದೆ ಅದರ ಮೇಲೆ ಒಣಗಿದ್ದು ನನ್ನ ಇಳಕಲ್ ಸೀರೆಗಳೇ.

ಹೊಳೆಯ ನೀರು ಮುಟ್ಟಿದ್ದೇ ತಡ, ಮೀನು ಬಾಲ ಬಡಿದು ಮಾಯವಾಯಿತು. ಅತ್ತೆ ಸೆರಗಿನಲ್ಲಿ ತಂದಿದ್ದ ರೊಟ್ಟಿ ಮುರಿದು ಹೊಳೆಗೆ ಎಸೆದರು. ತುಸು ಹೊತ್ತಿಗೆ ಒಂದು ಬಾಯಿ ಮೇಲೆ ಬಂತು, ಪಕ್ಕದಲ್ಲೇ ಇನ್ನೊಂದು. ರೊಟ್ಟಿಯ ಚೂರು ಕಾಣದಾಯಿತು.

“ಅದೇ ಐತಿ ಯವ್ವಾ, ಅದೇ!” ಗಂಡ ಕೂಗಿದರು.

“ಸುಳ್ಳ ಹೇಳಬ್ಯಾಡ. ನಿನಗೇನ ಗುರ್ತ ಸಿಗತೈತಿ?”

ಅತ್ತೆ ನೀರನ್ನೇ ನೋಡುತ್ತ ಕೂತರು. ಈ ಹಟಮಾರಿ ಹೆಂಗಸು ಇನ್ನು ಉಣ್ಣುವುದಿಲ್ಲ ಎಂದುಕೊಂಡೆ. ಆಮೇಲೆ ಅವರು ಉಳಿದ ರೊಟ್ಟಿಯನ್ನು ಮುರಿದರು.

“ಯಾವುದರೆ ಇರವಲ್ದ್ಯಾಕ, ಉಂಡೈತಲ್ಲ. ಬಾಯಿ ಎಲ್ಲಾವಕ್ಕೂ ಒಂದ ನಮೂನಿ ನೋಯತೈತಿ.”

ಮೊದಲ ಚೂರನ್ನು ಮಗನ ಬಾಯಿಗೆ ಇಟ್ಟರು, ಎರಡನೆಯದನ್ನು ತಾವು ತಿಂದರು. ಅದು ಅವರ ಗಂಟಲಿಳಿದದ್ದನ್ನು ಕಂಡ ಮೇಲೆಯೇ ನನಗೂ ಹಸಿವಾಗಿದೆ ಎಂದು ತಿಳಿಯಿತು.