ಮನೀ ಪಾಲಿನ ಜೋಳ

ಮನೆಗೂ ಹೊಟ್ಟೆ ಇದೆ ಎಂದು ನಮ್ಮಪ್ಪನಂಥವರು ನಂಬಿದ್ದ ಕಾಲ ಅದು. ಅಫಜಲಪುರ ತಾಲೂಕಿನಲ್ಲಿ, ಭೀಮಾ ಹೊಳೆಯ ದಂಡೆಯ ಮೇಲೆ ನಮ್ಮೂರು. ಓಣಿಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು, ಒಂದರ ಗೋಡೆ ಇನ್ನೊಂದಕ್ಕೂ ಗೋಡೆ. ಮಾಳಿಗೆ ಹತ್ತಿದರೆ ಈ ತುದಿಯಿಂದ ಆ ತುದಿಯವರೆಗೆ ನೆಲ ಮುಟ್ಟದೆ ಹೋಗಬಹುದಿತ್ತು. ನಾನೂ ಪಕ್ಕದ ಮನೆಯ ಗೆಳತಿ ನಿಂಗೂನೂ ದಿನಾ ಹಾಗೆಯೇ ಓಡಾಡುತ್ತಿದ್ದೆವು.

ಅಂಥ ಮನೆ ಸುಮ್ಮನೆ ನಿಲ್ಲುವುದಿಲ್ಲ. ಪ್ರತಿ ಬೇಸಿಗೆಯಲ್ಲಿ ಹಳೇ ಮಣ್ಣು ಕೆರೆದು ನೀರು ಇಳಿಯಗೊಡದ ಹೊಸ ಸವುಳು ಮಣ್ಣು ಹಾಕಿ, ನೀರು ಚಿಮುಕಿಸಿ, ಬಡಿದು ಗಟ್ಟಿ ಮಾಡಬೇಕು. ಇಲಿ ತೋಡಿದ ತೂತು ಮುಚ್ಚಬೇಕು. ಕೆಲವು ವರ್ಷಕ್ಕೊಮ್ಮೆ ಜಂತಿ ಬದಲಿಸಬೇಕು. ತಲೆಮಾರಿಗೊಮ್ಮೆ, ಎಲ್ಲವನ್ನೂ ಹೊತ್ತಿರುವ ನಡುವಿನ ತೊಲೆಯನ್ನೇ ಬದಲಿಸಬೇಕು. ಅದು ದೊಡ್ಡ ಖರ್ಚು.

ಸುಗ್ಗಿಯಲ್ಲಿ ರಾಶಿ ಮನೆಗೆ ಬಂದ ದಿನ ಅಪ್ಪ ಜೋಳವನ್ನು ಬೇರೆ ಬೇರೆ ಗುಂಪಿ ಹಾಕುತ್ತಿದ್ದ. ಉಣ್ಣಲು, ಬಿತ್ತಲು, ಬಡಿಗೇರ, ಕಂಬಾರರಂಥ ಆಯದವರಿಗೆ ಕೊಡಲು. ಕೊನೆಯ ಗುಂಪಿಯ ಮುಂದೆ ನಿಂತು, "ಇದು ಮನೀ ಪಾಲು" ಅನ್ನುತ್ತಿದ್ದ. ಅದರಲ್ಲಿ ಸ್ವಲ್ಪ ಆ ವರ್ಷದ ಮಣ್ಣಿಗೆ, ಸುಣ್ಣಕ್ಕೆ, ಕೂಲಿಗೆ. ಉಳಿದದ್ದೆಲ್ಲ ದನದ ಕೊಟ್ಟಿಗೆಯ ಹಿಂದೆ ನೆಲದೊಳಗೆ ತೋಡಿದ ಸಣ್ಣ ಹಗೇವಿಗೆ. ಅದು ತೊಲೆಯ ಜೋಳ. ಶ್ರಾವಣದಲ್ಲಿ ಜೋಳ ಮುಗಿದು ಅವ್ವ ಪಕ್ಕದ ಮನೆಗೆ ಬುಟ್ಟಿ ಹಿಡಿದು ಹೋದಾಳೇ ಹೊರತು, ಆ ಹಗೇವಿನ ಕಲ್ಲು ಸರಿಸಿದವಳಲ್ಲ.

"ಮನಿ ಏನ್ ತಿಂತದಪ್ಪಾ?" ಎಂದು ನಾನೊಮ್ಮೆ ಕೇಳಿದ್ದೆ.

"ಜ್ವಾಳ ತಿಂತದ. ಮ್ಯಾಲ ನೋಡು, ತೊಲಿ ಬಾಗ್ಯಾದ. ಒಳಗ ಒರಲಿ ಹತ್ತ್ಯಾದ. ಹೊಸಾದು ತರೂದು ಅಂದ್ರ ಒಮ್ಮೆಲೆ ಎಲ್ಲಿಂದ ತರ್ಲಿ? ಅದಕ್ಕ ಈಗಿಂದ ಕೂಡಿಡಾಕತ್ತೇನಿ."

ಬರುವ ಸುಗ್ಗಿ ಮುಗಿದರೆ ಕಲಬುರ್ಗಿಗೆ ಬಂಡಿ ಹೂಡಿಕೊಂಡು ಹೋಗಿ ಸಾಗವಾನಿ ತೊಲೆ ತರುವುದೆಂದು ಅಪ್ಪ ಬಡಿಗೇರನಿಗೂ ಹೇಳಿಟ್ಟಿದ್ದ.

ಆದರೆ ಆ ಸುಗ್ಗಿ ಬೇರೆ ತರಹದ್ದಾಯಿತು. ಹೊಳೆಯ ಆಚೆ ಸ್ವಾತಂತ್ರ್ಯ ಬಂದಿತ್ತು, ನಾವಿನ್ನೂ ನಿಜಾಮರ ಮೊಗಲಾಯಿಯಲ್ಲೇ ಇದ್ದೆವು. ಊರೂರು ದೋಚುತ್ತಿದ್ದ ರಜಾಕಾರರ ಮಾತು ಬಂದರೆ ದೊಡ್ಡವರು ದನಿ ತಗ್ಗಿಸುತ್ತಿದ್ದರು. ರಾಶಿ ಮುಗಿಯುತ್ತಿದ್ದಂತೆ ನಮ್ಮ ಓಣಿಯವರು ಒಬ್ಬೊಬ್ಬರಾಗಿ ಬಂಡಿ ಕಟ್ಟಿಕೊಂಡು ಹೊಳೆ ದಾಟಿ ಆಚೆಯ ವಿಜಾಪುರ ಜಿಲ್ಲೆಗೆ ಹೊರಟರು. ನಾವು ಹೊರಡಲಿಲ್ಲ. ಅವ್ವನಿಗೆ ದಿನ ತುಂಬಿದ್ದವು. ನನ್ನ ಹಿಂದೆ ಹುಟ್ಟಿದ ಕೂಸುಗಳು ಉಳಿದಿರಲಿಲ್ಲ, ಈ ಸಲ ಗೊತ್ತಿದ್ದ ಸೂಲಗಿತ್ತಿಯನ್ನು ಬಿಟ್ಟು ಎಲ್ಲಿಗೂ ಬರುವುದಿಲ್ಲವೆಂದು ಅವಳು ಹಟ ಹಿಡಿದಿದ್ದಳು.

ನಿಂಗೂನ ಅಪ್ಪ ಶರಣಪ್ಪ ಕಾಕಾ ಕೀಲಿ ತಂದು ಅಪ್ಪನ ಕೈಗೆ ಕೊಟ್ಟರು.

"ಅಣ್ಣಾ, ಮನಿ ಕಡೆ ನೋಡ್ಕೊಳ್ರಿ. ಮಳಿಗಾಲದೊಳಗ ಬಂದ್ ಬಿಡ್ತೇವಿ."

"ನೋಡ್ತೇನಿ ಬಿಡು," ಎಂದ ಅಪ್ಪ. ಅಷ್ಟೇ ಮಾತು.

ನಿಂಗೂ ಬಂಡಿಯಲ್ಲಿ ಹಾಸಿಗೆಯ ಮೇಲೆ ಕೂತಿದ್ದಳು. ನಾನು ಹೊಳೆಯವರೆಗೆ ಹಿಂದೆ ಹೋಗಿ ಕೈ ಎತ್ತಿದೆ. ಅವಳ ಎರಡೂ ಕೈಯಲ್ಲಿ ಗಂಟು ಇತ್ತು. ಬಂಡಿ ನೀರಿಗಿಳಿದು, ಆಚೆಯ ಮರಳು ಹತ್ತಿ, ಜಾಲಿಗಿಡಗಳ ಮರೆಯಾಯಿತು.

ಆಮೇಲೆ ಓಣಿಯಲ್ಲಿ ಮಕ್ಕಳೆಂದರೆ ನಾನೊಬ್ಬಳೇ. ಕಟ್ಟೆಯ ಮೇಲೆ ಹರಳಾಟ ಹೂಡಿ ಬಲಗೈ ನಾನು, ಎಡಗೈ ನಿಂಗೂ ಮಾಡಿಕೊಂಡು ಆಡುತ್ತಿದ್ದೆ. ಎಡಗೈಯಿಂದ ಹರಳು ಜಾರುತ್ತಿತ್ತು. ನಾನೇ ಗೆಲ್ಲುತ್ತಿದ್ದೆ, ಅದರಿಂದ ಬೇಸರ ಬರುತ್ತಿತ್ತು. ಮಧ್ಯಾಹ್ನ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಹಿಡಿದು ಮಾಳಿಗೆ ಹತ್ತಿದರೆ ಓಣಿಯಲ್ಲಿ ಎಲ್ಲಿಯೂ ಹೊಗೆ ಕಾಣುತ್ತಿರಲಿಲ್ಲ. ನಾನು ರೊಟ್ಟಿ ಮುರಿದ ಸಪ್ಪಳ ನನಗೇ ದೊಡ್ಡದಾಗಿ ಕೇಳುತ್ತಿತ್ತು.

ಚೈತ್ರದಲ್ಲಿ ತಮ್ಮ ಹುಟ್ಟಿದ. ಅಳಲೂ ಶಕ್ತಿಯಿಲ್ಲದಷ್ಟು ಸಣ್ಣ ಕೂಸು. ನಡುಮನೆಯಲ್ಲಿ, ಆ ತೊಲೆಯ ಕೆಳಗೇ ತೊಟ್ಟಿಲು ಕಟ್ಟಿದರು.

ಬಿಸಿಲು ಏರಿದ ಮೇಲೆ ಅಪ್ಪ ಒಂದು ಬೆಳಿಗ್ಗೆ ಸಣ್ಣ ಹಗೇವಿನ ಕಲ್ಲು ಸರಿಸಿದ. ಒಳಗಿನಿಂದ ಬಿಸಿಯಾದ, ಹುಳಿಯಾದ ವಾಸನೆ ಬಂತು. ತೊಲೆಗೆ ಕಾಲ ಬಂತೆಂದು ನಾನು ಕುಣಿದೆ. ಆದರೆ ಬಂಡಿ ಕಲಬುರ್ಗಿಯ ಕಡೆ ಹೋಗಲಿಲ್ಲ, ಸವುಳು ಮಣ್ಣಿನ ಹೊಲಕ್ಕೆ ಹೋಯಿತು. ಊರಲ್ಲಿ ಉಳಿದಿದ್ದ ಆಳುಗಳನ್ನು ಕರೆದು, ತೊಲೆಯ ಜೋಳವನ್ನೇ ಕೂಲಿಗೆ ಅಳೆದು ಕೊಟ್ಟು, ಅಪ್ಪ ಓಣಿಯ ಖಾಲಿ ಮನೆಗಳ ಮಾಳಿಗೆಗೆಲ್ಲ ಮಣ್ಣು ಹಾಕಿಸತೊಡಗಿದ.

ಅವ್ವ ಬಾಣಂತನದ ಕೋಣೆಯಿಂದ ಎದ್ದು ಬಂದು ಬಾಗಿಲಿಗೆ ನಿಂತಳು.

"ಒಡೆಯರೇ ಇಲ್ಲದ ಮನಿಗಿ ನಮ್ಮ ತೊಲಿ ಜ್ವಾಳ ಸುರೀತೀರಿ? ಕೂಸು ಯಾವ ತೊಲಿ ಕೆಳಗ ಮಲಗೇದ, ನೋಡೀರೇನು?"

"ನೋಡೇನಿ," ಎಂದ ಅಪ್ಪ. "ನಡುವಿನ ಗ್ವಾಡಿ ಒಂದೇ ಅದ ಬೇ. ಅವರ ಮಾಳಗಿ ಸೋರಿದ್ರ ನೀರು ನಮ್ಮ ಗ್ವಾಡಿಗೇ ಇಳೀತದ. ಗ್ವಾಡಿ ಬಿದ್ದ ಮ್ಯಾಲ ತೊಲಿ ತಂದು ಎಲ್ಲಿಡ್ಲಿ? ಮತ್ತ ಶರಣಪ್ಪನ ಕೀಲಿ ಇಸ್ಕೊಂಡೇನಿ."

"ಕೀಲಿ ಕೊಟ್ಟಾರ. ಜ್ವಾಳ ಕೊಟ್ಟಿಲ್ಲ."

ಅಪ್ಪ ಮಣ್ಣಿನ ಬುಟ್ಟಿ ಹೊತ್ತು ಮಾಳಿಗೆ ಹತ್ತಿದ. ಅವ್ವ ಅನೇಕ ದಿನ ಅವನ ಜೊತೆ ಮಾತು ಬಿಟ್ಟಳು. "ನಿಮ್ಮಪ್ಪಗ ಉಣ್ಣಾಕ ಬರ್ರಿ ಅಂತ ಹೇಳು" ಎಂದು ನನ್ನನ್ನು ಕಳಿಸುತ್ತಿದ್ದಳು. ಅಪ್ಪ ಗೆದ್ದಲು ತಿಂದ ತೊಲೆಗೆ ಒಂದು ಗಟ್ಟಿ ಊರುಗಂಬ ಕೊಟ್ಟು ನಿಲ್ಲಿಸಿದ. ನಾನು ಕೊಡದಿಂದ ನೀರು ಚಿಮುಕಿಸುತ್ತ ಅಪ್ಪನ ಹಿಂದೆ ಮಾಳಿಗೆಯಿಂದ ಮಾಳಿಗೆಗೆ ನಡೆದೆ. ನಿಂಗೂನ ಮಾಳಿಗೆಯ ಮೇಲೆ ನಾವು ಗೀಚಿದ್ದ ಕುಂಟಾಟದ ಮನೆಗಳಿದ್ದವು. ಅವುಗಳ ಮೇಲೆ ಮಣ್ಣು ಬಿತ್ತು.

ಮೃಗದ ಮಳೆ ಹದವಾಗಿ ಬಂತು. ಹೊಳೆ ತುಂಬಿತು. ಇನ್ನು ಯಾರೂ ಬರುವಂತಿಲ್ಲ, ನಾವು ಹೋಗುವಂತೆಯೂ ಇಲ್ಲ. ಆಷಾಢದಲ್ಲಿ ಹಿಡಿದ ಜಡಿಮಳೆ ಬಿಡಲಿಲ್ಲ. ಒಂದು ಮಧ್ಯಾಹ್ನ ಅವ್ವ ಹಿಟ್ಟು ನಾದುತ್ತಿದ್ದಾಗ ಮೇಲಿನಿಂದ ಹಿಡಿ ಮಣ್ಣು ಕೊಣಮಿಗೆಯ ಹಿಟ್ಟಿನೊಳಗೆ ಉದುರಿತು. ಅವ್ವ ಮೇಲೆ ನೋಡಲಿಲ್ಲ. ಹಿಟ್ಟಿನ ಕೈಯಲ್ಲೇ ಕೂಸನ್ನು ತೊಟ್ಟಿಲಿಂದ ಎತ್ತಿಕೊಂಡು, ನನ್ನ ತೋಳು ಹಿಡಿದು ಅಂಗಳಕ್ಕೆ ಬಂದಳು. ನಾವು ಮಳೆಯಲ್ಲಿ ನಿಂತಿರುವಾಗಲೇ ಒಳಗೆ ತೊಲೆ ಮುರಿಯಿತು. ದೊಡ್ಡ ಸಪ್ಪಳವೇನಲ್ಲ. ಒದ್ದೆ ಮಣ್ಣು ಕುಸಿಯುವಾಗ ಯಾರೋ ದೀರ್ಘವಾಗಿ ಉಸಿರು ಬಿಟ್ಟಂತೆ ಕೇಳಿತು. ತೊಟ್ಟಿಲು ಮಣ್ಣಿನಡಿ ಹೋಗಿತ್ತು.

ಹೊಲದಿಂದ ಓಡಿಬಂದ ಅಪ್ಪ ಕೂಸಿನ ಮೈ ಮುಟ್ಟಿ ನೋಡಿದ. ಆಮೇಲೆ ಕುಸಿದ ನಡುಮನೆ ನೋಡಿದ. ಗೋಡೆ ನಿಂತಿತ್ತು. ಅಪ್ಪ ಸೊಂಟದಿಂದ ಶರಣಪ್ಪ ಕಾಕಾನ ಕೀಲಿ ತೆಗೆದು ಪಕ್ಕದ ಬಾಗಿಲು ತೆರೆದ.

ಉಳಿದ ಮಳೆಗಾಲವನ್ನೆಲ್ಲ ನಾವು ನಿಂಗೂನ ಮನೆಯಲ್ಲಿ ಕಳೆದೆವು. ಒಂದು ಹನಿ ಸೋರಲಿಲ್ಲ. ತಮ್ಮ ಅಲ್ಲಿಯೇ ಮೊದಲ ಸಲ ಬೋರಲು ಬಿದ್ದ. ನಿಂಗೂ ಮಲಗುತ್ತಿದ್ದ ಮೂಲೆಯಲ್ಲಿ ನಾನು ಮಲಗುತ್ತಿದ್ದೆ. ಅವಳ ಮನೆಯ ಗೂಡು, ಬೀಸುವ ಕಲ್ಲು, ಬಾಗಿಲ ಹಿಂದಿನ ಗೂಟ ಎಲ್ಲ ಅವಳಿಗಿಂತ ಚೆನ್ನಾಗಿ ನನಗೆ ಪರಿಚಯವಾದವು. ಗೆಳತಿಯ ಮನೆಯಲ್ಲಿದ್ದೂ ಗೆಳತಿ ಇಲ್ಲದಿರುವುದು ಹೊರಗಿನ ಓಣಿಗಿಂತ ಹೆಚ್ಚು ಭಣಭಣ ಅನ್ನಿಸುತ್ತಿತ್ತು.

ಹಿಂದೂಸ್ತಾನದ ಫೌಜು ಬಂದು ನಿಜಾಮರ ಆಳ್ವಿಕೆ ಮುಗಿದ ಮೇಲೆ, ಹೊಳೆ ಇಳಿದಂತೆ ಜನ ತಿರುಗಿ ಬಂದರು. ಎಲ್ಲರ ಮನೆಯೂ ನಿಂತಿತ್ತು, ಬಿದ್ದದ್ದು ನಮ್ಮದೊಂದೇ. ಕೆಲವರು ಅಪ್ಪನ ಕೈ ಹಿಡಿದು ಅತ್ತರು. ತುದಿಮನೆಯ ಗುರಪ್ಪ ಮಾತ್ರ ಕಟ್ಟೆಯ ಮೇಲೆ ಎಲ್ಲರೆದುರು, "ನಮ್ಮ ತಾಮ್ರದ ಹಂಡೆ ಕಾಣವಲ್ದು. ಮಾಳಗಿ ಹತ್ತಿದವರಿಗೆ ಒಳಗ ಇಳಿಯೂದು ದೊಡ್ಡ ಮಾತಲ್ಲ," ಎಂದ.

"ಬಂದು ನೋಡ್ಕೊಂಡು ಹೋಗ್ರಿ," ಎಂದು ಅಪ್ಪ ಬಿದ್ದ ಮನೆಯ ಬಾಗಿಲು ತೆರೆದು ನಿಂತ. ಅಂದು ಉತ್ತರ ಕೊಟ್ಟವಳು ಅವ್ವ. ಮಣ್ಣು ಮೆತ್ತಿದ ತೊಟ್ಟಿಲನ್ನು ತಂದು ಗುರಪ್ಪನ ಮುಂದಿಟ್ಟು, "ನಿಮ್ಮ ಮನಿಗಿ ಮಣ್ಣ ಹಾಕಿದ್ದಕ್ಕ ಇದು ಹಿಂಗಾಗ್ಯಾದ್ರಿ," ಎಂದಷ್ಟೇ ಹೇಳಿ ಒಳಗೆ ಹೋದಳು. ಹಂಡೆಯನ್ನು ಗುರಪ್ಪನ ಮನೆಯವರೇ ಆಚೆ ದಂಡೆಯ ಬೀಗರ ಮನೆಯಲ್ಲಿ ಬಿಟ್ಟು ಬಂದಿದ್ದರೆಂದು ಆಮೇಲೆ ತಿಳಿಯಿತು. ಗುರಪ್ಪ ಅದನ್ನು ಹೇಳಲು ಬರಲಿಲ್ಲ.

ಶರಣಪ್ಪ ಕಾಕಾ ಒಬ್ಬರೇ ಬಂದರು. ಅವರಿಗೆ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. ನಮ್ಮ ನಡುಮನೆಯೊಳಗೆ ಹೋಗಿ ಮುರಿದ ತೊಲೆಯನ್ನು ಮುಟ್ಟಿ ನೋಡಿದರು.

"ಅಣ್ಣಾ, ನಾವೇನೂ ಇಲ್ಲಿ ತಿರುಗಿ ಬರಂಗಿಲ್ಲ. ನಮ್ಮ ತೊಲಿ ಗಟ್ಟಿ ಅದ, ಬಿಚ್ಕೊಳ್ರಿ."

"ನಿಂತ ಮನಿ ನನ್ನ ಕೈಲೆ ಬಿಚ್ಚಾಕ ಆಗಂಗಿಲ್ಲಪ್ಪ," ಎಂದ ಅಪ್ಪ. "ಯಾರಿಗರ ಮಾರು. ದೀಪ ಹಚ್ಚವರು ಬರ್ಲಿ."

ಮನೆ ಮಾರಾಯಿತು. ನಾವು ಕೊಟ್ಟಿಗೆಯಲ್ಲಿ ದನಗಳ ಪಕ್ಕ ಬದುಕುತ್ತ, ಮತ್ತೆ ಸುಗ್ಗಿ ಸುಗ್ಗಿಗೆ ಮನೀ ಪಾಲು ಎತ್ತಿಟ್ಟು, ತಮ್ಮ ಓಡಾಡುವಂತಾದ ಮೇಲೆ ತೊಲೆ ತಂದೆವು.

ಈಗ ಓಣಿಯಲ್ಲಿ ಎಲ್ಲರದೂ ಸಿಮೆಂಟಿನ ಮನೆ. ಪ್ರತಿಯೊಬ್ಬರೂ ತಮ್ಮ ಗೋಡೆ ತಾವೇ ಕಟ್ಟಿಕೊಂಡು, ನಡುವೆ ಒಬ್ಬ ಮನುಷ್ಯ ತೂರಲಾಗದಷ್ಟು ಸಂದು ಬಿಟ್ಟಿದ್ದಾರೆ. ಯಾರ ಮನೆ ಎಲ್ಲಿ ಸೋರುತ್ತದೆಂದು ಇನ್ನೊಬ್ಬರಿಗೆ ಗೊತ್ತಿಲ್ಲ.

ನಿಂಗೂನನ್ನು ಮತ್ತೆ ಕಂಡದ್ದು ಮುದುಕಿಯಾದ ಮೇಲೆ, ಅಕ್ಕಲಕೋಟೆಯ ಒಂದು ಮದುವೆಯಲ್ಲಿ. ಮೊಮ್ಮಕ್ಕಳ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದಳು. ನನ್ನ ಹೆಸರು ಹೇಳಿದ ಮೇಲೆ ಗುರುತು ಹಿಡಿದು, ಪಕ್ಕದಲ್ಲಿ ಕೂರಿಸಿಕೊಂಡು ಊರಿನ ಸುದ್ದಿ ಕೇಳಿದಳು. ಅವರ ಮನೆಯಲ್ಲಿ ನಾವಿದ್ದ ಮಳೆಗಾಲದ ಮಾತು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಕಣ್ಣು ಸಣ್ಣದು ಮಾಡಿ ನೆನಪಿಸಿಕೊಳ್ಳುತ್ತ, "ನಮ್ಮ ಮನಿ ಮುಂದ ಒಂದು ದೊಡ್ಡ ಬೇವಿನ ಗಿಡ ಇತ್ತಲ್ಲ? ಅದೊಂದೇ ನೋಡು, ಇನ್ನೂ ಕಣ್ಣಾಗ ಅದ," ಎಂದಳು.

ಅವರ ಮನೆಯ ಮುಂದೆ ಯಾವ ಗಿಡವೂ ಇರಲಿಲ್ಲ.

"ಇತ್ತು," ಎಂದೆ.